ಒಂಬತ್ತನೆಯ ಪಾಠ

ಅರಂತೋಡು
12-10-1959

ಮಗಳು ಕುಮುದಿನಿಗೆ ಅಪ್ಪನ ಆಶೀರ್ವಾದ.

ಮನೆಯಲ್ಲಿ ಎಲ್ಲ ಇದ್ದ ಹಾಗೆ ಉಂಟು. ನಿನ್ನ ಅಣ್ಣ ತೀರ್ಥನ ಬೆನ್ನಿನ ಹುಣ್ಣು ಒಂದು ಕಡೆ ಒಣಗಿತು, ಇನ್ನೊಂದು ಕಡೆ ಎದ್ದಿದೆ. ನಿನ್ನ ಅವ್ವ ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ತಿರುಗಿಸುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಅವನು ಹಾಸಿಗೆ ಹಿಡಿದು ಐದು ವರ್ಷ ದಾಟಿತಲ್ಲ, ಅವಳಿಗೆ ಈಗ ಗಡಿಯಾರ ಬೇಕಾಗುವುದಿಲ್ಲ.

ಬರೆಯುವುದಕ್ಕೆ ಕಾರಣ ಬೇರೆ. ಕಳೆದ ವಾರ ಪುತ್ತೂರಿನ ಬ್ಲಾಕ್ ಆಫೀಸರು ನಮ್ಮ ಸುಳ್ಯದ ಡಿಸ್ಪೆನ್ಸರಿಗೆ ಬಂದಿದ್ದರು. ಜಾಲ್ಸೂರು, ಪೆರಾಬೆ, ಕಡಬ, ನಮ್ಮ ಅರಂತೋಡು ಎಲ್ಲ ಸೇರಿಸಿ ಹನ್ನೊಂದು ಜನರನ್ನು ಆರಿಸಿದ್ದಾರೆ. ಅವರಿಗೆ ಆದಿತ್ಯವಾರ ಆದಿತ್ಯವಾರ ಪ್ರಥಮ ಚಿಕಿತ್ಸೆಯ ಕ್ಲಾಸು ಮಾಡಬೇಕಂತೆ. ಡಾಕ್ಟರಿಗೆ ಪುರುಸೊತ್ತಿಲ್ಲ. "ಬೆಳ್ಯಪ್ಪ, ನೀವು ಇಪ್ಪತ್ತು ವರ್ಷದ ಕಾಂಪೌಂಡರು, ನಿಮಗೆ ಗೊತ್ತಿಲ್ಲದ್ದು ಎಂತ ಉಂಟು?" ಅಂತ ಹೇಳಿ ನನ್ನ ತಲೆಗೆ ಕಟ್ಟಿದರು. ಪುಸ್ತಕ ಯಾವುದೂ ಕೊಡಲಿಲ್ಲ. ಹನ್ನೆರಡು ಪಾಠದ ಹೆಸರು ಟೈಪು ಮಾಡಿದ ಒಂದು ಹಾಳೆ ಕೊಟ್ಟು ಜೀಪು ಹತ್ತಿದರು.

ನನಗೆ ಮದ್ದು ಬೆರೆಸುವುದು ಗೊತ್ತು, ಗಾಯ ಕಟ್ಟುವುದು ಗೊತ್ತು. ಯಾಕೆ ಹಾಗೆ ಕಟ್ಟಬೇಕು ಅಂತ ಒಬ್ಬ ಕೇಳಿದರೆ ಹೇಳಲಿಕ್ಕೆ ಗೊತ್ತಿಲ್ಲ. ನೀನು ಕೆಲಸ ಮಾಡುವ ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಇಂಥದ್ದಕ್ಕೆಲ್ಲ ಪುಸ್ತಕ ಇರುತ್ತದಲ್ಲ. ನಿನಗೆ ತೊಂದರೆಯಾಗದ ಹಾಗೆ ಸ್ವಲ್ಪ ನೋಡಿ, ಕನ್ನಡದಲ್ಲಿ ಬರೆದು ಕಳಿಸುತ್ತೀಯಾ? ಹನ್ನೊಂದು ಪ್ರತಿ ತೀರ್ಥ ಮಾಡುತ್ತಾನೆ. ಅವನೇ ಹೇಳಿದ್ದು. ನಾನು ಈ ವಿಷಯ ಅವ್ವನ ಹತ್ತಿರ ಹೇಳುವಾಗ ಒಳಗಿನಿಂದ ಕೇಳಿ, "ಕೈ ಎರಡೂ ಸರಿ ಉಂಟಲ್ಲ ಅಪ್ಪ, ನಾನು ಬರೆಯುತ್ತೇನೆ" ಅಂದ.

ಪಟ್ಟಿ ಇದರೊಟ್ಟಿಗೆ ಇಟ್ಟಿದ್ದೇನೆ.

ಇಂತು,
ಬೆಳ್ಯಪ್ಪ

•

ಮಂಗಳೂರು
21-10-1959

ಅಪ್ಪನವರಿಗೆ ಕುಮುದಿನಿಯ ನಮಸ್ಕಾರ.

ಪಟ್ಟಿ ಸಿಕ್ಕಿತು. ಅದನ್ನು ಹಿಡಿದುಕೊಂಡು ನಮ್ಮ ಲೈಬ್ರೇರಿಯನ್ ಮಹಾಗಣಪತಿ ರಾಯರ ಮೇಜಿನ ಎದುರು ಕಾಲು ಗಂಟೆ ನಿಂತೆ. ಅವರು ಪೂರ್ತಿ ಓದಿ, ಕನ್ನಡಕ ತೆಗೆದು, "ಪುಸ್ತಕ ಬಾಗಿಲು ದಾಟಬಾರದು. ನೀನು ಬರೆದುಕೊಂಡದ್ದು ದಾಟಿದರೆ ನಾನು ಕೇಳುವುದಿಲ್ಲ" ಅಂದರು. ಮಧ್ಯಾಹ್ನ ಒಂದರಿಂದ ಎರಡರವರೆಗೆ ವಿದ್ಯಾರ್ಥಿಗಳು ಊಟಕ್ಕೆ ಹೋಗುತ್ತಾರೆ. ಆ ಒಂದು ಗಂಟೆ ನನ್ನದು. ಹಾಸ್ಟೆಲಿನ ಬುತ್ತಿಯನ್ನು ಹನ್ನೆರಡೂವರೆಗೇ ತಿಂದುಬಿಡುತ್ತೇನೆ.

ಇಲ್ಲಿ ಈ ವಿಷಯಕ್ಕೆ ಹದಿನಾಲ್ಕು ಪುಸ್ತಕ ಉಂಟು ಅಪ್ಪ. ಎಲ್ಲ ಇಂಗ್ಲಿಷು. ಒಂದು ಸೈನ್ಯಕ್ಕೆ ಬರೆದದ್ದು, ಒಂದು ಗಣಿಯವರಿಗೆ, ಒಂದು ಹಡಗಿನವರಿಗೆ. ಇವನ್ನೆಲ್ಲ ಅರಂತೋಡಿಗೆ ತಿರುಗಿಸಬೇಕು. ಓದಿದರೆ ಅರ್ಥವಾಗುತ್ತದೆ, ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ಪೆಟ್ಟಾದವನ ಮೈ ಬೆವರಿ, ತಣ್ಣಗಾಗಿ, ನಾಡಿ ಸಣ್ಣದಾಗುವುದಕ್ಕೆ ಅವರು ಶಾಕ್ ಅನ್ನುತ್ತಾರೆ. ನಿಘಂಟಿನಲ್ಲಿ 'ಆಘಾತ' ಅಂತ ಉಂಟು. ಆ ಶಬ್ದ ನಿಮ್ಮ ಕ್ಲಾಸಿನವರಿಗೆ ಆದೀತಾ? ಗೊತ್ತಿಲ್ಲದ ಕಡೆ ನಾನು ಖಾಲಿ ಬಿಟ್ಟು ಕೆಳಗೆ ಗೆರೆ ಎಳೆದಿದ್ದೇನೆ. ಅಲ್ಲಿ ನೀವು ನಮ್ಮ ಕಡೆಯ ಮಾತು ತುಂಬಿಸಿಕೊಳ್ಳಿ.

ಮೊದಲ ಮೂರು ಪಾಠ ಕಳಿಸಿದ್ದೇನೆ. ಅಣ್ಣನಿಗೆ ಒಂದು ಬಾಟಲಿ ನೀಲಿ ಶಾಯಿ, ಎರಡು ನಿಬ್ಬು ಬಸ್ಸಿನ ಅಬ್ದುಲ್ಲನವರ ಕೈಯಲ್ಲಿ ಕೊಟ್ಟಿದ್ದೇನೆ. ಸುಳ್ಯದಲ್ಲಿ ನಿಮಗೆ ತಲುಪಿಸುತ್ತಾರೆ.

ನಿಮ್ಮ
ಕುಮುದಿನಿ

•

ಅರಂತೋಡು
16-11-1959

ಕುಮುದಿನಿಗೆ,

ಮೂರು ಕ್ಲಾಸು ಆಯಿತು. ನಿನ್ನೆಯದು ಮೂರನೆಯದು. ಶಾಲೆಯ ಬೆಂಚುಗಳಲ್ಲಿ ಗಡ್ಡ ಬಂದವರು ಕೂತದ್ದನ್ನು ನೋಡಲಿಕ್ಕೆ ಮಕ್ಕಳು ಕಿಟಕಿಯಲ್ಲಿ ನಿಂತಿದ್ದವು.

ನಿನ್ನ 'ಆಘಾತ' ನಡೆಯಲಿಲ್ಲ. ನಾನು ವಿವರಿಸಿದ ಮೇಲೆ ಪೆರಾಬೆಯ ಶೀಲಾವತಿ ಅಂತ ಒಬ್ಬರು, ಸೂಲಗಿತ್ತಿ, "ಅದು ಜೀವ ತಣ್ಣಗಾಗುದು ಅಲ್ಲವಾ ಮಾಸ್ಟ್ರೆ? ಹೆರಿಗೆಯಲ್ಲಿ ನಾವು ಎಷ್ಟು ಕಂಡಿದ್ದೇವೆ" ಅಂದರು. ಎಲ್ಲರಿಗೂ ಕೂಡಲೇ ಗೊತ್ತಾಯಿತು. ತೀರ್ಥ ಹನ್ನೊಂದು ಪ್ರತಿಯಲ್ಲಿಯೂ ಹಾಗೆಯೇ ಬರೆದ. ನನ್ನನ್ನು ಮಾಸ್ಟ್ರೆ ಅಂತ ಕರೆಯುತ್ತಾರೆ, ನಾಚಿಕೆಯಾಗುತ್ತದೆ.

ಜಾಲ್ಸೂರಿನ ಮೇದಪ್ಪ ಎಂಬವನು ಒಬ್ಬ ಉಂಟು. ಬಹಳ ಚುರುಕು. ಹಾವಿನ ಪಾಠ ಓದಿ ಹೇಳುವಾಗ, ಅರ್ಧ ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕು ಅಂತ ಬಂತು. ಅವನು ಎದ್ದು ನಿಂತು ಕೇಳಿದ, "ಬಸ್ಸು ಬರುದೇ ದಿನಕ್ಕೆ ಎರಡು. ಹಾವಿಗೆ ಬಸ್ಸಿನ ಹೊತ್ತು ಹೇಳಿಕೊಡುವ ಪಾಠ ಉಂಟಾ?" ಎಲ್ಲರೂ ನಗಾಡಿದರು. ನಾನೂ ನಗಾಡಿದೆ. ಕಟ್ಟು ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೇಳಿಕೊಟ್ಟದ್ದನ್ನು ಒಂದು ಗೆರೆ ಆಚೀಚೆ ಇಲ್ಲದೆ ಮಾಡುತ್ತಾನೆ.

ತೀರ್ಥ ಈಗ ಎಚ್ಚರಾದ ಕೂಡಲೇ ಹಲಗೆ ಕೇಳುತ್ತಾನೆ. ಕಮಚಿ ಮಲಗಿ ಎದೆಯ ಕೆಳಗೆ ದಿಂಬು ಇಟ್ಟು ಬರೆಯುವುದು. ಹಾಗೆ ಮಲಗುವುದರಿಂದ ಬೆನ್ನಿಗೂ ಗಾಳಿ ತಾಗುತ್ತದೆ. ಅವ್ವ ಹೇಳುತ್ತಾಳೆ, ಮಗಳ ಪಾಠ ಮುಲಾಮಿಗಿಂತ ಲಾಯ್ಕ್ ಅಂತ.

ಉಳಿದದ್ದು ಬೇಗ ಕಳಿಸು.

ಅಪ್ಪ

•

ಮಂಗಳೂರು
8-12-1959

ಅಪ್ಪನವರಿಗೆ ನಮಸ್ಕಾರ.

ನಾಲ್ಕರಿಂದ ಎಂಟು, ಮತ್ತೆ ಹತ್ತರಿಂದ ಹನ್ನೆರಡು ಇದರೊಳಗೆ ಉಂಟು. ಒಂಬತ್ತನೆಯದು, 'ಮೂಳೆ ಮುರಿತ ಮತ್ತು ರೋಗಿಯನ್ನು ಸಾಗಿಸುವುದು', ಅರ್ಧ ಮಾತ್ರ. ಕೈ, ಕಾಲು, ಕೊರಳ ಕೆಳಗಿನ ಅಡ್ಡ ಎಲುಬು ಬರೆದಿದ್ದೇನೆ. ಅದರ ಮುಂದಿನ ಭಾಗ ಇರುವ ಪುಸ್ತಕ ಬೈಂಡಿಂಗಿಗೆ ಹೋಗಿದೆ. ಯಾವಾಗ ಬರುತ್ತದೆ ಗೊತ್ತಿಲ್ಲ.

ಕ್ರಿಸ್ಮಸ್ ರಜೆಗೆ ಬರಲು ಆಗುವುದಿಲ್ಲ. ಇಲ್ಲಿ ಪುಸ್ತಕಗಳ ಲೆಕ್ಕ ತೆಗೆಯುವ ಕೆಲಸ ಉಂಟು. ಅವ್ವನಿಗೆ ಹೇಳಿ.

ಕುಮುದಿನಿ

•

(ಇದು ಕಳಿಸದೆ ಉಳಿದ ಕಾಗದ)

ಮಂಗಳೂರು
8-12-1959

ಅಪ್ಪ,

ಪುಸ್ತಕ ಬೈಂಡಿಂಗಿಗೆ ಹೋಗಿಲ್ಲ. ನನ್ನ ಎದುರಿನ ಮೇಜಿನಲ್ಲಿಯೇ ಉಂಟು. ಪುಟ 143.

ಅದರಲ್ಲಿ ಒಂದು ಚಿತ್ರ. ನಾಲ್ಕು ಜನ ಒಂದು ಬಾಗಿಲ ಹಲಗೆಯ ಮೇಲೆ ಒಬ್ಬನನ್ನು ಮಲಗಿಸಿ ಎತ್ತುತ್ತಿದ್ದಾರೆ. ಕೆಳಗೆ ಬರೆದಿದೆ: ಎತ್ತರದಿಂದ ಬಿದ್ದವನನ್ನು, ಬೆನ್ನು ನೋವು ಅನ್ನುವವನನ್ನು, ಯಾವ ಕಾರಣಕ್ಕೂ ಕುಳ್ಳಿರಿಸಬಾರದು. ಬಗ್ಗಿಸಬಾರದು. ಬೆನ್ನೆಲುಬು ಮುರಿದರೂ ಒಳಗಿನ ಹುರಿ ಉಳಿದಿರಬಹುದು. ಕುಳ್ಳಿರಿಸಿದರೆ ಮುರಿದ ಎಲುಬು ಜಾರಿ ಆ ಹುರಿಯನ್ನು ಒತ್ತುತ್ತದೆ. ಬಿದ್ದಲ್ಲಿ ಬೆರಳು ಆಡಿಸುತ್ತಿದ್ದವನು ಆಸ್ಪತ್ರೆಯಲ್ಲಿ ಆಡಿಸದೆ ಹೋದರೆ, ಹಾಳು ಮಾಡಿದ್ದು ಬಿದ್ದ ಪೆಟ್ಟು ಅಲ್ಲ, ಹೊತ್ತವರ ಕೈ.

ಇದನ್ನು ನಾನು ಮೂರು ದಿನ ಮಧ್ಯಾಹ್ನ ಓದಿದೆ. ಬೇರೆ ಎರಡು ಪುಸ್ತಕ ತೆಗೆದು ನೋಡಿದೆ. ಎಲ್ಲದರಲ್ಲಿಯೂ ಅದೇ.

ಕರಿಮೆಣಸು ಕೊಯ್ಯುವಾಗ ಅಣ್ಣನ ಒಂಟಿ ಏಣಿ ಜಾರಿದ ದಿನ ನಾನು ಅಲ್ಲಿ ಇದ್ದೆ. ಮಾವಿನ ಮರದ ಬುಡದಲ್ಲಿ ಅವನು ಅಂಗಾತ ಬಿದ್ದು "ಸೊಂಟ, ಸೊಂಟ" ಅನ್ನುತ್ತಿದ್ದ. ನೀವು ಓಡಿ ಬಂದು, ಒಳಗಿನಿಂದ ಕೈಯಿರುವ ಕುರ್ಚಿ ತರಿಸಿ, ಅವನನ್ನು ಅದರಲ್ಲಿ ಕುಳ್ಳಿರಿಸಿ, ಪಂಚೆಯಲ್ಲಿ ಕಟ್ಟಿದಿರಿ. ಅವ್ವ ಬೊಬ್ಬೆ ಹಾಕಿದ್ದು ನೆನಪುಂಟು: "ಮಲಗಿಸಬೇಡಿ, ಕುಳ್ಳಿರಿಸಿಯೇ ತಕೊಂಡು ಹೋಗಿ." ಮಲಗಿಸಿ ಹೊತ್ತುಕೊಂಡು ಹೋಗುವುದು ಸತ್ತವರನ್ನು ಮಾತ್ರ ಅಲ್ಲವಾ ನಮ್ಮಲ್ಲಿ. ಮನೆಗೂ ರಸ್ತೆಗೂ ನಡುವೆ ಹರಿಯುವ ತೋಡಿನ ಸಂಕದ ಮೇಲೆ ಚಿಕ್ಕಪ್ಪ ಒಬ್ಬರೇ ಆ ಕುರ್ಚಿಯನ್ನು ಬೆನ್ನಿಗೆ ಕಟ್ಟಿಕೊಂಡು ದಾಟಿದರು. ಎರಡು ಮರದ ದಿಮ್ಮಿ ಜೋಡಿಸಿದ ಸಂಕ, ಇಬ್ಬರು ಹೋಗುವ ಹಾಗಿಲ್ಲ. ಆಚೆ ದಡದಿಂದ ರಸ್ತೆಯವರೆಗೆ ಅಣ್ಣನ ಕಾಲು ತೂಗಾಡದ ಹಾಗೆ ನಾನು ಹಿಡಿದುಕೊಂಡಿದ್ದೆ. ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಈ ಪುಟವನ್ನು ನಿಮಗೆ ಹೇಗೆ ಕಳಿಸಲಿ? ನೀವು ಓದಿದ ಮೇಲೆ ಇದು ಅಣ್ಣನ ದಿಂಬಿನ ಎದುರಿಗೆ ಹೋಗುತ್ತದೆ. ಅವನು ಇದನ್ನು ಚಂದದ ಅಕ್ಷರದಲ್ಲಿ ಹನ್ನೊಂದು ಸಲ ಬರೆಯಬೇಕು. ಕಳಿಸದಿದ್ದರೆ ಬೇರೆ ಯಾರದೋ ಮನೆಯಲ್ಲಿ...

ಕಳಿಸುವುದಿಲ್ಲ.

•

ಅರಂತೋಡು
30-12-1959

ಕುಮುದಿನಿಗೆ ಆಶೀರ್ವಾದ.

ಕಡೆಗೆ ಒಂದೊಂದು ಆದಿತ್ಯವಾರ ಮೂರು ಮೂರು ಪಾಠ ಮಾಡಿ ಕ್ಲಾಸು ಮುಗಿಯಿತು. ಆಫೀಸರು ಬಂದು ಹನ್ನೊಂದು ಜನರಿಗೂ ಸರ್ಟಿಫಿಕೇಟು ಕೊಟ್ಟರು. ಪಾಠದ ಹಾಳೆಗಳನ್ನು ತಿರುಗಿಸಿ ನೋಡಿ, "ಇದು ಯಾವ ಪ್ರೆಸ್ಸಿನಲ್ಲಿ ಆದದ್ದು?" ಅಂತ ಕೇಳಿದರು. ಮಗನ ಕೈಬರಹ ಅಂದೆ. ಮಗ ಎಂತ ಮಾಡಿಕೊಂಡಿದ್ದಾನೆ ಅಂತ ಕೇಳಿದರು. ಮನೆಯಲ್ಲಿದ್ದಾನೆ ಅಂದೆ.

ಒಂಬತ್ತನೆಯದು ಅಷ್ಟೇ ಸಾಕು. ಕೈಕಾಲು ಮುರಿದದ್ದಕ್ಕೆ ಕಟ್ಟಲಿಕ್ಕೆ ಬಂದರೆ ಹಳ್ಳಿಗೆ ಧಾರಾಳ ಆಯಿತು. ಬೈಂಡಿಂಗಿನಿಂದ ಪುಸ್ತಕ ಬಂದರೂ ನೀನು ಅದಕ್ಕಾಗಿ ಕಣ್ಣು ಹಾಳು ಮಾಡಿಕೊಳ್ಳಬೇಡ.

ನೀನು ಬಾರದೆ ವರ್ಷವಾಯಿತು ಅಂತ ಅವ್ವ ಹೇಳುತ್ತಾಳೆ.

ಅಪ್ಪ

•

ಅರಂತೋಡು
14-3-1960

ಕುಮುದಿನಿಗೆ,

ಬೇರೆ ಯಾರ ಹತ್ತಿರವೂ ಹೇಳಲಿಕ್ಕಾಗುವುದಿಲ್ಲ, ಹಾಗಾಗಿ ನಿನಗೆ ಬರೆಯುತ್ತೇನೆ.

ಜಾಲ್ಸೂರಿನ ಹತ್ತಿರ ಅಚ್ಚುತ ಅಂತ ಒಬ್ಬ ತೆಂಗಿನ ಮರ ಹತ್ತುವವನು. ಮೂವತ್ತರ ಒಳಗಿನ ಪ್ರಾಯ, ಮೂರು ಸಣ್ಣ ಮಕ್ಕಳು. ಹದಿನೈದು ದಿನದ ಹಿಂದೆ ಮರದಿಂದ ಬಿದ್ದ. ಮೇದಪ್ಪನಿಗೆ ಹೇಳಿ ಕಳಿಸಿದರು. ಅವನು ಸರ್ಟಿಫಿಕೇಟು ಇರುವವನಲ್ಲವಾ. ಪಾಠದ ಹಾಳೆ ಹಿಡಿದುಕೊಂಡೇ ಓಡಿದ. ಜೀವ ತಣ್ಣಗಾಗದ ಹಾಗೆ ಕಂಬಳಿ ಹೊದಿಸಿದ. ಬಿಸಿ ಚಾ ಕುಡಿಸಿದ. ಬಲಗೈ ಮುರಿದಿತ್ತು, ಹಲಗೆ ಕೊಟ್ಟು ಕಟ್ಟಿದ. ಅದನ್ನು ಆಸ್ಪತ್ರೆಯ ಡಾಕ್ಟರು ನೋಡಿ, ಯಾರು ಕಟ್ಟಿದ್ದು, ಬಹಳ ಚೊಕ್ಕ ಉಂಟು ಅಂದರಂತೆ. ಮತ್ತೆ ಅಚ್ಚುತನನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ರಸ್ತೆಗೆ ಹೊತ್ತುಕೊಂಡು ಬಂದರು.

ಅವನಿಗೆ ಈಗ ಸೊಂಟದ ಕೆಳಗೆ ಸ್ವಾಧೀನ ಇಲ್ಲ.

ಮೊನ್ನೆ ಮೇದಪ್ಪ ಡಿಸ್ಪೆನ್ಸರಿಗೆ ಬಂದ. ರೋಗಿಗಳೆಲ್ಲ ಹೋಗುವವರೆಗೆ ಬಾಗಿಲ ಹತ್ತಿರ ನಿಂತೇ ಇದ್ದ. ಮತ್ತೆ ಹಾಳೆಗಳನ್ನು ನನ್ನ ಮೇಜಿನ ಮೇಲೆ ಹರಡಿದ.

"ಮಾಸ್ಟ್ರೆ, ಇದರಲ್ಲಿ ಇದ್ದದ್ದನ್ನು ಒಂದೂ ಬಿಡದೆ ಮಾಡಿದ್ದೇನೆ. ಅಚ್ಚುತ ಕೆಳಗೆ ಬಿದ್ದಿರುವಾಗ ಕಾಲು ಎಳೆದುಕೊಂಡದ್ದು ನಾನು ಕಣ್ಣಾರೆ ಕಂಡದ್ದು. ರಸ್ತೆಗೆ ಬರುವಾಗ ಕಾಲು ಚೀಲದ ಹಾಗೆ ಆಗಿತ್ತು. ನಡುವಿನಲ್ಲಿ ಎಂತ ಆಯಿತು? ನಾನು ಎಲ್ಲಿ ತಪ್ಪಿದ್ದು?"

"ನೀನು ತಪ್ಪಿಲ್ಲ" ಅಂದೆ.

"ಹಾಗಾದರೆ ಪಾಠ ತಪ್ಪಾ?"

ನಾನು ಬಾಟಲಿ ತೊಳೆಯುತ್ತಾ ನಿಂತೆ. ಅವನು ಹಾಳೆಗಳನ್ನು ಮಡಚಿಕೊಂಡು ಹೋದ.

ಅಪ್ಪ

•

ಮಂಗಳೂರು
18-3-1960

ಅಪ್ಪ,

ಪುಸ್ತಕ ಬೈಂಡಿಂಗಿಗೆ ಹೋಗಿರಲಿಲ್ಲ. ಸುಳ್ಳು ಹೇಳಿದ್ದೆ. ಡಿಸೆಂಬರಿನಲ್ಲಿಯೇ ಆ ಪುಟ ಓದಿದ್ದೆ. ಅದೇ ದಿನ ನಿಮಗೊಂದು ಕಾಗದ ಬರೆದು ಪೆಟ್ಟಿಗೆಯ ಅಡಿಯಲ್ಲಿ ಹಾಕಿಟ್ಟೆ. ಅದನ್ನೂ, ಆ ಪುಟವನ್ನು ಕನ್ನಡ ಮಾಡಿ ಚಿತ್ರ ನಕಲು ಮಾಡಿದ್ದನ್ನೂ ಇದರಲ್ಲಿ ಇಟ್ಟಿದ್ದೇನೆ. ನೀವು ಒಬ್ಬರೇ ಇರುವಾಗ ಓದಿ.

ನೀವು ಓದಬಾರದು ಅಂತ ಬಚ್ಚಿಟ್ಟದ್ದು. ಅಚ್ಚುತನ ಮಕ್ಕಳು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಮಹಾಗಣಪತಿ ರಾಯರ ಹತ್ತಿರ ಇವತ್ತು ಹೇಳಿದೆ. ಅವರು ಬೈಯಲಿಲ್ಲ. "ಮೂವತ್ತು ವರ್ಷ ಪುಸ್ತಕಗಳನ್ನು ಬಾಗಿಲ ಒಳಗೆ ಇಟ್ಟುಕೊಂಡು ಕಾದವನು ನಾನು. ನಿನ್ನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮೇದಪ್ಪನವರಿಗೆ ನನ್ನ ಹೆಸರು ಹೇಳಿ. ಪಾಠ ತಪ್ಪಲ್ಲ, ಪಾಠ ಮಾಡಿದವಳು ತಪ್ಪಿದ್ದು ಅಂತ ಹೇಳಿ.

ಕುಮುದಿನಿ

•

ಅರಂತೋಡು
29-3-1960

ಮಗಳೇ,

ನಿನ್ನ ಎರಡೂ ಕಾಗದ ಓದಿದೆ. ನೀನು ಹೊತ್ತುಕೊಂಡದ್ದು ನಿನ್ನ ಹೊರೆ ಅಲ್ಲ. ನಾನು ಆರು ವರ್ಷದಿಂದ ಹೇಳದೆ ಇದ್ದದ್ದನ್ನು ಈಗ ಹೇಳುತ್ತೇನೆ.

ತೀರ್ಥನನ್ನು ಮಂಗಳೂರಿಗೆ ಮುಟ್ಟಿಸಿದ ದಿನ, ಪರೀಕ್ಷೆ ಮಾಡಿದ ಡಾಕ್ಟರು ನನ್ನನ್ನು ಹೊರಗೆ ಕರೆದು ಕೇಳಿದರು, "ಹೇಗೆ ತಂದಿರಿ?" ಕುರ್ಚಿಯಲ್ಲಿ ಅಂದೆ. "ನೀವು ಎಂತ ಕೆಲಸ ಮಾಡುವುದು?" ಕಾಂಪೌಂಡರು ಅಂದೆ. ಅವರು ನನ್ನ ಮುಖ ನೋಡಿದರು. ಮತ್ತೆ ಬರೆಯುತ್ತಿದ್ದ ಕಾಗದದ ಕಡೆ ನೋಡಿದರು. "ಮುಂದೆ ಯಾರನ್ನಾದರೂ ತರುವುದಿದ್ದರೆ ಮಲಗಿಸಿ ತನ್ನಿ" ಅಂದರು. ಅಷ್ಟೇ.

ನನಗೆ ಗೊತ್ತಿತ್ತು ಕುಮುದಿನಿ. ಪುಟ ಇಲ್ಲದೆಯೂ ಗೊತ್ತಿತ್ತು. ಆಫೀಸರ ಪಟ್ಟಿಯಲ್ಲಿ ಒಂಬತ್ತನೆಯ ಪಾಠ ಕಂಡಾಗಲೇ ಹಾಳೆಯನ್ನು ಮಡಚಿಬಿಟ್ಟೆ. ನಿನ್ನ ಅರ್ಧ ಪಾಠ ಬಂದಾಗ ದೇವರು ದೊಡ್ಡವನು ಅಂದುಕೊಂಡೆ. ಇನ್ನೂ ಅರ್ಧ ಎಲ್ಲಿ ಅಂತ ನಾನು ಕೇಳಬಹುದಿತ್ತು. ಕ್ಲಾಸಿನಲ್ಲಿ ಬಾಯಿಮಾತಿನಲ್ಲಿ ಹೇಳಬಹುದಿತ್ತು. ಮಲಗಿಸಿ ತನ್ನಿ, ಎರಡೇ ಶಬ್ದ. ಹೇಳಿದರೆ ಯಾರಾದರೂ ಒಬ್ಬ ತಿರುಗಿ, ಮಾಸ್ಟ್ರೆ, ನಿಮ್ಮ ಮಗನನ್ನು ಹೇಗೆ ತಂದದ್ದು ಅಂತ ಕೇಳಿಯಾನು ಅಂತ ಹೆದರಿದೆ.

ಶುಕ್ರವಾರ ಅಚ್ಚುತನ ಮನೆಗೆ ಹೋಗಿದ್ದೆ. ಆಸ್ಪತ್ರೆಯವರು ಇನ್ನು ಮಾಡುವುದಕ್ಕಿಲ್ಲ ಅಂತ ಕಳಿಸಿದ್ದಾರೆ. ಅವನ ಹೆಂಡತಿ ದೇವಕಿಗೆ ಮಗ್ಗುಲು ತಿರುಗಿಸುವುದನ್ನು ತೋರಿಸಿಕೊಟ್ಟೆ. ಎರಡು ಗಂಟೆಗೊಮ್ಮೆ ಅಂದೆ. ಎಷ್ಟು ದಿನ ಅಂತ ಅವಳು ಕೇಳಿದಳು.

ನಿನ್ನ ಪುಟ ನನ್ನ ಅಂಗಿಯ ಕಿಸೆಯಲ್ಲಿಯೇ ಉಂಟು. ತೀರ್ಥನಿಗೆ ಕೊಡಲಿಲ್ಲ. ನಾನೇ ಪ್ರತಿ ಮಾಡಲಿಕ್ಕೆ ಕೂತೆ. ಎರಡು ಗೆರೆ ಬರೆದು ನಿಲ್ಲಿಸಿದೆ.

ಅಪ್ಪ

•

ಅರಂತೋಡು
20-4-1960

ಪ್ರೀತಿಯ ತಂಗೆ ಕುಮುದಿನಿಗೆ,

ಈ ಸಲ ನಾನು ಬರೆಯುತ್ತಿದ್ದೇನೆ. ಪಾಠ ಪ್ರತಿ ಮಾಡಿ ಮಾಡಿ ನನ್ನದೇ ಮಾತು ಬರೆಯುವುದು ಮರೆತಿದೆ, ತಪ್ಪಿದ್ದರೆ ತಿದ್ದಿಕೋ.

ಹೋದ ವಾರ ಅವ್ವ ಬಟ್ಟೆ ಒಗೆಯುವ ಮೊದಲು ಅಪ್ಪನ ಅಂಗಿಯ ಕಿಸೆ ನೋಡಿ ಮಡಚಿದ ಹಾಳೆ ತಂದಳು. "ನಿನ್ನ ಪಾಠವಾ ನೋಡು, ನೀರಿಗೆ ಹೋಗುತ್ತಿತ್ತು" ಅಂದಳು. ಅವಳಿಗೆ ಓದಲು ಬರುವುದಿಲ್ಲವಲ್ಲ. ನೋಡಿದೆ. ನಿನ್ನ ಅಕ್ಷರ. ಬಾಗಿಲಿನ ಮೇಲೆ ಮಲಗಿದವನ ಚಿತ್ರ ಚೆನ್ನಾಗಿ ಬರೆದಿದ್ದಿ, ಹೊತ್ತವರ ಕಾಲು ಮಾತ್ರ ಸ್ವಲ್ಪ ಗಿಡ್ಡ ಆಗಿದೆ.

ನೀವಿಬ್ಬರೂ ನನ್ನಿಂದ ಬಚ್ಚಿಟ್ಟದ್ದು ನನಗೆ ಹೊಸತಲ್ಲ. ಮಾವಿನ ಬುಡದಲ್ಲಿ ಬಿದ್ದಿದ್ದಾಗ ಎಡಗಾಲಿಗೆ ಚಗಳಿ ಇರುವೆ ಕಚ್ಚುತ್ತಿತ್ತು. ಸೊಂಟದ ನೋವಿಗಿಂತ ಆ ಉರಿಯೇ ಜಾಸ್ತಿ ಅನಿಸಿ ಕಾಲು ಕೊಡಹಿದೆ. ಸಂಕ ದಾಟಿ ಆಚೆ ದಡಕ್ಕೆ ಬಂದಾಗ ನೋಡುತ್ತೇನೆ, ನೀನು ನನ್ನ ಕಾಲು ಹಿಡಿದುಕೊಂಡಿದ್ದಿ, ನಿನ್ನ ಕೈಗೂ ಇರುವೆ ಹತ್ತಿದೆ, ನಿನಗೆ ಕಚ್ಚುತ್ತಿದೆ. ನನಗೆ ಗೊತ್ತೇ ಆಗುತ್ತಿಲ್ಲ. ಅಲ್ಲಿಗೇ ನನಗೆ ತಿಳಿಯಿತು, ದಾರಿಯಲ್ಲಿ ಎಂತದೋ ಆಯಿತು ಅಂತ. ಅಪ್ಪ ತಾಳಲಿಕ್ಕಿಲ್ಲ ಅಂತ ಹೇಳಲಿಲ್ಲ. ಹೀಗೆ ಮೂರು ಜನವೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತೆವು.

ಅಪ್ಪ ಮನೆಗೆ ಬಂದಾಗ ಹಾಳೆ ನನ್ನ ಹಲಗೆಯ ಮೇಲೆ ಇತ್ತು. ಮೂರು ಪ್ರತಿ ಆಗಿತ್ತು. ಅವರು ಬಾಗಿಲಲ್ಲಿಯೇ ನಿಂತರು. ನಾನು ಹೇಳಿದೆ, "ಬೆನ್ನುಹುರಿ ಅಂತ ಬರೆದರೆ ಸಾಕಾ ಅಪ್ಪ, ಅಥವಾ ನಮ್ಮ ಕಡೆಯ ಬೇರೆ ಮಾತು ಉಂಟಾ?" ಅವರು ಮಂಚದ ಕಾಲಿನ ಹತ್ತಿರ ನೆಲದಲ್ಲಿ ಕೂತರು. ಮತ್ತೆ, "ಇಲ್ಲ, ಅದೇ ಇರಲಿ" ಅಂದರು.

ಮೊನ್ನೆ ಆದಿತ್ಯವಾರ ಹನ್ನೊಂದು ಜನರನ್ನೂ ನಮ್ಮ ಮನೆಗೇ ಕರೆಸಿದರು. ಎಲ್ಲರ ಎದುರು ಅಪ್ಪ ನಡೆದದ್ದನ್ನು ಹೇಳಿದರು. ಕುರ್ಚಿ, ಪಂಚೆ, ಡಾಕ್ಟರು ಕೇಳಿದ್ದು, ಎಲ್ಲ. ಮೇದಪ್ಪ ತಲೆ ಎತ್ತಲಿಲ್ಲ. ಎತ್ತುವುದನ್ನು ಕಲಿಯಲಿಕ್ಕೆ ಒಬ್ಬ ರೋಗಿ ಬೇಕಲ್ಲ, ನಾನೇ ಆಗುತ್ತೇನೆ ಅಂದೆ. ಕೊಟ್ಟಿಗೆಯ ಬಾಗಿಲು ಕಳಚಿ ತಂದರು. ಅವ್ವ ನೋಡಲಾಗದೆ ಒಳಗೆ ಹೋದಳು. ನಾಲ್ಕು ಜನ, ಒಬ್ಬ ತಲೆಗೆ, ಒಬ್ಬ ಸೊಂಟಕ್ಕೆ. ಒಂದು ಎರಡು ಮೂರು ಎಂದು ಮೇದಪ್ಪ ಹೇಳಿದ. ಒಂದಿಷ್ಟೂ ಬಾಗದ ಹಾಗೆ ಎತ್ತಿದರು. ಪೆರಾಬೆಯ ಶೀಲಾವತಿಯಕ್ಕ ನನ್ನ ಹಣೆ ಒತ್ತಿ ಹಿಡಿದು, "ಹೆದರಬೇಡಿ, ಈಗ ಮುಟ್ಟುತ್ತೇವೆ" ಅಂದರು, ಎಲ್ಲಿಗೋ ಹೋಗುವವರ ಹಾಗೆ. ಆರು ವರ್ಷದಲ್ಲಿ ಮೊದಲ ಸಲ ನಾನು ಅಂಗಳ ದಾಟಿದ್ದು.

ತೋಡಿನವರೆಗೆ ಬಂದೆವು. ಅಲ್ಲಿ ನಿಂತರು.

ನಾಲ್ಕು ಜನ ಒಂದು ಬಾಗಿಲನ್ನು ಹೊತ್ತುಕೊಂಡು ಆ ಸಂಕ ದಾಟುವುದು ಹೇಗೆ? ಒಬ್ಬನ ಹಿಂದೆ ಒಬ್ಬ ಹೋದರೆ ಹಲಗೆ ಓರೆಯಾಗುತ್ತದೆ. ಕಟ್ಟಿ ಎಳೆದರೆ ನಾನು ಜಾರುತ್ತೇನೆ. ಈಗ ನೀರು ಕಡಿಮೆ, ಇಳಿದು ದಾಟಬಹುದು ಅಂದರು. ಇಳಿದು ನೋಡಿದರು, ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಒಬ್ಬ ಮೊಣಕಾಲಿಗೆ ಪೆಟ್ಟು ಮಾಡಿಕೊಂಡ. ಮಳೆಗಾಲದಲ್ಲಂತೂ ಆಳೆತ್ತರ. ಕಡಬದವರು ಹೇಳಿದರು, ನಮ್ಮಲ್ಲಿ ಇಂಥದ್ದು ಎರಡು ದಾಟಬೇಕು ಅಂತ. ಜಾಲ್ಸೂರಿನವರಿಗೆ ಮೂರು. ನಾನು ಬಾಗಿಲಿನ ಮೇಲೆ ಮಲಗಿಕೊಂಡು ಅವರ ಚರ್ಚೆ ಕೇಳಿದೆ. ಆಗ ಅಪ್ಪ ಹೇಳಿದರು, "ಅವತ್ತು ಪುಟ ಗೊತ್ತಿದ್ದರೂ ನಾನು ಇಲ್ಲಿಗೆ ಬಂದು ಕುರ್ಚಿಯನ್ನೇ ತರಿಸುತ್ತಿದ್ದೆ."

ನಾಲ್ವರೂ ಬಾಗಿಲನ್ನು ಪುನಃ ಎತ್ತಿಕೊಂಡರು. ತಿರುಗಿಸಿ ಮನೆಗೆ ತಂದರು. ಅದನ್ನೂ ಬಹಳ ಜಾಗ್ರತೆಯಿಂದ ತಂದರು.

ನಿಮ್ಮ ಹದಿನಾಲ್ಕು ಪುಸ್ತಕದಲ್ಲಿ ಎಲ್ಲಿಯಾದರೂ ಸಂಕ ದಾಟಿಸುವುದು ಬರೆದಿದೆಯಾ? ನೋಡಿ ತಿಳಿಸು. ಒಂಬತ್ತನೆಯ ಪಾಠದ ಕೊನೆಯಲ್ಲಿ ಅರ್ಧ ಹಾಳೆ ಬಿಟ್ಟಿದ್ದೇನೆ.

ನಿನ್ನ ಅಣ್ಣ,
ತೀರ್ಥರಾಮ

•

ಮಂಗಳೂರು
9-5-1960

ಅಣ್ಣನಿಗೆ,

ನಿನ್ನ ಕಾಗದವನ್ನು ದಿನಕ್ಕೊಮ್ಮೆ ಓದುತ್ತೇನೆ. ಇರುವೆ ಕಚ್ಚಿದ್ದು ನನಗೂ ನೆನಪುಂಟು. ನಿನಗೆ ನೋವಾಗುತ್ತಿಲ್ಲ ಅಂತ ಕಂಡು ಆಗ ಸಮಾಧಾನ ಮಾಡಿಕೊಂಡಿದ್ದೆ.

ಹದಿನಾಲ್ಕನ್ನೂ ಹುಡುಕಿದೆ. ಮಹಾಗಣಪತಿ ರಾಯರೇ ಏಣಿ ಹತ್ತಿ ಮೇಲಿನ ಕಪಾಟಿನ ಹಳೆಯ ಪುಸ್ತಕ ತೆಗೆದುಕೊಟ್ಟರು. ಶಸ್ತ್ರಚಿಕಿತ್ಸೆ ಕಲಿಸುವ ಡಾಕ್ಟರ್ ವಸುಮತಿಯವರನ್ನೂ ಕೇಳಿದೆ. ಹಿಮದ ಬೆಟ್ಟದಿಂದ ಇಳಿಸುವುದು ಉಂಟು. ಹಡಗಿನಿಂದ ದೋಣಿಗೆ ಇಳಿಸುವುದು, ಗಣಿಯ ಸುರಂಗದಿಂದ ತೆಗೆಯುವುದು, ರೈಲು ಬೋಗಿಯ ಕಿಟಕಿಯಿಂದ ಹೊರಗೆ ತರುವುದು, ಎಲ್ಲಕ್ಕೂ ಚಿತ್ರ ಉಂಟು. ಎಲ್ಲದಕ್ಕೂ ಏನಾದರೊಂದು ಸಾಮಾನು ಬೇಕು, ಹಗ್ಗದ ಬಲೆ, ಕ್ಯಾನ್ವಾಸು, ಕಬ್ಬಿಣದ ತೊಟ್ಟಿಲು. ನಮ್ಮ ಸಂಕ ಯಾವುದರಲ್ಲಿಯೂ ಇಲ್ಲ. ವಸುಮತಿಯವರು ಕೇಳಿದ್ದಿಷ್ಟೇ: "ಅಲ್ಲಿ ಒಂದು ಸೇತುವೆ ಕಟ್ಟಲು ಯಾಕೆ ಆಗುವುದಿಲ್ಲ?"

ಹತ್ತು ಸಲ ಅರ್ಜಿ ಹಾಕಿದ್ದಾರೆ ಅಂದೆ.

ಅರ್ಧ ಹಾಳೆಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ ಅಣ್ಣ. ನೀವೇ ಕೂತು ಬರೆಯಬೇಕು. ಬರುವ ಶನಿವಾರದ ಬಸ್ಸಿಗೆ ಹೊರಡುತ್ತೇನೆ. ನಾಲ್ಕು ದಿನ ಇರುತ್ತೇನೆ, ಅವ್ವನಿಗೆ ಸ್ವಲ್ಪ ನಿದ್ರೆ ಮಾಡಲು ಹೇಳು.

ಕುಮುದಿನಿ

•

ಅರಂತೋಡು
27-6-1960

ತಂಗೆಗೆ,

ನೀನು ಹೋದ ಮೇಲೆ ಅವ್ವ ಎರಡು ದಿನ ಯಾರೊಟ್ಟಿಗೂ ಜಗಳ ಮಾಡಲಿಲ್ಲ. ಮೂರನೆಯ ದಿನ ಸರಿಯಾದಳು.

ಅಚ್ಚುತ ತೀರಿಹೋದ. ಹತ್ತೊಂಬತ್ತಕ್ಕೆ. ಹುಣ್ಣು ಒಳಗೆ ಹೋಗಿ ಜ್ವರ ಏರಿತ್ತಂತೆ. ಮೇದಪ್ಪ ಕೊನೆಯವರೆಗೂ ದಿನಾ ಹೋಗಿ ಗಾಯ ತೊಳೆಯುತ್ತಿದ್ದ. ಈಗ ದೇವಕಿಯ ತೋಟದ ಕೆಲಸಕ್ಕೆ ಬೆಳಗ್ಗೆ ಒಂದು ಹೊತ್ತು ಹೋಗುತ್ತಾನಂತೆ. ಅಪ್ಪ ಸಾವಿನ ಮನೆಗೆ ಹೋಗಿ ಬಂದವರು ನನ್ನ ಬೆನ್ನು ಎರಡು ಸಲ ನೋಡಿದರು.

ಬ್ಲಾಕ್ ಆಫೀಸಿನಿಂದ ಇನ್ನೊಂದು ಕ್ಲಾಸಿಗೆ ಆರ್ಡರು ಬಂದಿದೆ. ಈ ಸಲ ಕಡಬದಲ್ಲಿ, ಇಪ್ಪತ್ತು ಜನ. ಅದಕ್ಕೆ ಮೊದಲು ಒಂಬತ್ತನೆಯ ಪಾಠ ಮುಗಿಸಬೇಕು ಅಂತ ಅಪ್ಪ ಹಳೆಯವರನ್ನು ನಿನ್ನೆ ಕರೆಸಿದ್ದರು. ಎಂಟು ಜನ ಬಂದರು. ಉಳಿದವರಿಗೆ ತೋಡು ದಾಟಲಾಗಲಿಲ್ಲ.

ಎಲ್ಲರೂ ಒಂದೊಂದು ಹೇಳಿದರು. ಹಗ್ಗ ಕಟ್ಟುವುದು, ಸಂಕಕ್ಕೆ ಇನ್ನೆರಡು ದಿಮ್ಮಿ ಹಾಕುವುದು. ಹಾಕಿದ ದಿಮ್ಮಿ ಮಳೆಗೆ ಹೋಗುತ್ತದೆ. ಕೊನೆಗೆ ಅಪ್ಪ ಹೇಳಿದ ಹಾಗೆ ನಾನು ಬರೆದೆ:

"ಸಂಕದ ಹತ್ತಿರ ಬಂದರೆ ಹಲಗೆಯನ್ನು ಸಮನೆಲದಲ್ಲಿ ಇಳಿಸಿರಿ. ರೋಗಿಯನ್ನು ಕುಳ್ಳಿರಿಸಬೇಡಿ. ಹೊದಿಸಿರಿ. ತಲೆಯ ಹತ್ತಿರ ಒಬ್ಬರು ಇರಿ. ನೀರು ಇಳಿಯುವವರೆಗೆ ಕಾಯಿರಿ."

ಓದಿ ಹೇಳಿದೆ. ಮೇದಪ್ಪ ಎದ್ದು ನಿಂತ. ಈ ಸಲ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಎಷ್ಟು ದಿನ ಕಾಯುದು ಮಾಸ್ಟ್ರೆ?"

ಅಪ್ಪ ನನ್ನ ಕಡೆ ನೋಡಿದರು. ಮತ್ತೆ ಹೊರಗಿನ ತೋಡಿನ ಶಬ್ದವನ್ನೂ ಮೀರಿ ಕೇಳುವ ಹಾಗೆ ಹೇಳಿದರು, "ಬರೆದುಕೊಳ್ಳಿ, ಎಲ್ಲರೂ ಬರೆದುಕೊಳ್ಳಿ. ಗೊತ್ತಿಲ್ಲ."

ಅವರು ಬರೆದುಕೊಂಡರು. ನಾನೂ ಬರೆದೆ.

ತೀರ್ಥರಾಮ